ಸಣ್ಣ ಜೋಡಿ, ದೊಡ್ಡ ಜೋಡಿ

ದಾವಣಗೆರೆಯ ವಿದ್ಯಾನಗರದ ನಮ್ಮ ಅಡುಗೆಮನೆಗೆ ದೊಡ್ಡ ಕಿಟಕಿಯಿದೆ. ಸಂಜೆಯಾದರೆ ಪಕ್ಕದ ಮನೆಯ ಮಂಡಕ್ಕಿ ಒಗ್ಗರಣೆಯ ಘಾಟೂ ಧಾರಾವಾಹಿಯ ಹಾಡೂ ಒಟ್ಟಿಗೇ ಒಳಗೆ ಬರುತ್ತವೆ. ಇವತ್ತು ಅವು ಬಂದಾಗ ನಾನು ಮುಖ ಊದಿಸಿಕೊಂಡು ಚಹಾ ಕುದಿಸುತ್ತಿದ್ದೆ. ನನ್ನನ್ನು ಕೇಳದೆ ನಮ್ಮವರು ಭಾನುವಾರ ಊಟಕ್ಕೆ ಗೆಳೆಯರನ್ನೆಲ್ಲ ಕರೆದುಬಿಟ್ಟಿದ್ದರು.

ಹಾಡು ಕೇಳಿ ಹರಿಹರದ ಅತ್ತೆ ನೆನಪಾದರು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು. ಧಾರಾವಾಹಿಯ ನಾಯಕ ನಾಯಕಿಯರು ಅವರಿಗೆ ಅಷ್ಟಕ್ಕಷ್ಟೆ. ಕಣ್ಣೆಲ್ಲ ನಾಯಕನ ಬಂಗಲೆಯ ಡ್ರೈವರ್ ಮತ್ತು ಅಡುಗೆಯವಳ ಪ್ರೀತಿಯ ಮೇಲೆ. "ಸಣ್ಣ ಜೋಡಿ ನೋಡ್ಕೋ. ಇವತ್ತು ಇವ್ರು ಮುನಿಸ್ಕೊಂಡ್ರೆ ಮುಂದಿನ ವಾರ ದೊಡ್ಡ ಜೋಡಿಗೂ ಅದೇ ಐತೆ," ಎನ್ನುತ್ತಿದ್ದರು. ಹಾಗೇ ಆಗುತ್ತಿತ್ತು. ಹೊಸದಾಗಿ ಮದುವೆಯಾಗಿ ಹರಿಹರದ ಮನೆಗೆ ಬಂದಿದ್ದ ನಾನು ಮಂಡಕ್ಕಿ ಮೆಲ್ಲುತ್ತ, ಈ ಮನೆಯಲ್ಲಿ ನಾವೇ ನಾಯಕ ನಾಯಕಿ ಎಂದುಕೊಂಡಿದ್ದೆ.

ಅತ್ತೆಯಂತೂ ಮಾವನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಮಗಳ ಮದುವೆಯ ಸಂಬಂಧವನ್ನು ಮಾವ ಅತ್ತೆಯನ್ನು ಕೇಳದೆ ಒಪ್ಪಿಕೊಂಡು ಬಂದಿದ್ದರಂತೆ. ಅಂದಿನಿಂದ ಊಟಕ್ಕೆ ಕರೆಯುವುದಿದ್ದರೂ ಮೂರನೆಯವರ ಮೂಲಕ, ಅದೂ ಮಾವ ಎದುರಿಗೇ ಕೂತಿದ್ದಾಗ. ಸಿಟ್ಟು ಹೆಚ್ಚಾದ ದಿನ ಟಿ.ವಿ.ಯ ಡ್ರೈವರನಿಗೆ ಬೈಗುಳ. ಅದು ಯಾರಿಗೆಂದು ಗುತ್ತೂರಿನ ಕಾರ್ಖಾನೆಯಿಂದ ದಣಿದು ಬಂದ ಮಾವನಿಗೆ ಗೊತ್ತಾಗುತ್ತಿತ್ತು. ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಒಂದು ಸಂಜೆ ನಮ್ಮವರು ದಾವಣಗೆರೆಯಲ್ಲಿ ಬಾಡಿಗೆ ಮನೆ ಗೊತ್ತುಮಾಡಿ ಬಂದರು. ನನಗೆ ತೋರಿಸಿರಲೇ ಇಲ್ಲ. ಎದುರಿಗೇ ಇದ್ದ ಅವರನ್ನು ಬಿಟ್ಟು ನಾನು ಅತ್ತೆಯತ್ತ ತಿರುಗಿ, "ಚಹಾ ಬೇಕೇನು ಕೇಳ್ರಿ ನಿಮ್ಮ ಮಗನ್ನ," ಎಂದೆ.

ಅತ್ತೆ ನನ್ನನ್ನೇ ನೋಡಿದರು. ಧಾರಾವಾಹಿ ನಡೆಯುತ್ತಿದ್ದ ಹಾಗೇ ಎದ್ದು ಟಿ.ವಿ. ಆರಿಸಿದರು. ಹೋಗಿ ಮಾವನ ಮುಂದೆ ನಿಂತರು. "ಆವತ್ತು ನನ್ನ ಒಂದ್ ಮಾತು ಕೇಳ್ಬೇಕಿತ್ತು ನೀವು."

ಮಾವ ಪೇಪರ್ ಮಡಿಸಿದರು. "ಕೇಳ್ಬೇಕಿತ್ತು. ತಪ್ಪಾತು." ಆಮೇಲೆ ಮಗನಿಗೆ, ನಾಳೆ ಇವಳಿಗೆ ಮನೆ ತೋರಿಸು, ಬೇಡವೆಂದರೆ ಬಿಟ್ಟುಬಿಡು ಎಂದರು. ನನಗೆ ಅಳು ಬಂತು. ಆ ಮನೆಯ ಕಥೆಯಲ್ಲಿ ದೊಡ್ಡ ಜೋಡಿ ಅವರು, ನಾವು ಸಣ್ಣ ಜೋಡಿ ಎಂಬುದು ಆಗ ತಿಳಿಯಿತು.

ಗೊತ್ತುಮಾಡಿದ್ದ ಮನೆಯ ಅಡುಗೆಕೋಣೆಗೆ ಕಿಟಕಿಯೇ ಇರಲಿಲ್ಲ. ಬೇಡವೆಂದೆ. ಇಬ್ಬರೂ ತಿರುಗಿ ತಿರುಗಿ ಈಗಿರುವ ಈ ಮನೆಯನ್ನು ಹಿಡಿದೆವು.

ಒಲೆಯ ಮೇಲಿನ ಚಹಾ ಈಗ ಉಕ್ಕಿತು. ಅಪ್ಪನಿಗೆ ಬೇಕೇನು ಕೇಳು ಎಂದು ಮಗಳಿಗೆ ಹೇಳಲು ಬಾಯಿ ತೆರೆದಿದ್ದೆ. ಹೋಂವರ್ಕ್ ಬಿಟ್ಟು ಅವಳು ಆಗಲೇ ನನ್ನ ಮುಖ ನೋಡುತ್ತಿದ್ದಳು. ಒಲೆ ಆರಿಸಿ ನಾನೇ ಹೊರಗೆ ಹೋಗಿ ನಮ್ಮವರ ಎದುರು ಕೂತೆ.

"ಭಾನುವಾರದ್ದು ನನ್ನ ಒಂದ್ ಮಾತು ಕೇಳ್ಬೇಕಿತ್ತು ರೀ," ಎಂದೆ.