ಗುಲಾಬಿ ಬಣ್ಣದ ನಡುವೆ ಬಿಟ್ಟ ಬಿಳಿ

ಮೊನ್ನೆ ಬೀರು ಖಾಲಿ ಮಾಡುವಾಗ ಹಳೆಯ ತಾಲ್ಲೂಕು ಮ್ಯಾಪುಗಳ ಸುರುಳಿ ಸಿಕ್ಕಿತು. ಬಿಚ್ಚಿದ ಕೂಡಲೇ ಮಸಿ ವಾಸನೆ, ಜೊತೆಗೆ ಒಸಿ ಸೀಮೆಎಣ್ಣೆ... ರಾಮನಗರದ ಬಸ್ ಸ್ಟ್ಯಾಂಡ್ ಹಿಂದೆ ಪ್ರೆಸ್ ಇಟ್ಟಿದ್ದ, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದವರ ಕೈ ಯಾವಾಗಲೂ ಹೀಗೇ ನಾರುತ್ತಿತ್ತು.

ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನಾನು ಜಮೀನು ತೋರಿಸಿ ವ್ಯಾಪಾರ ಕುದುರಿಸುವವನು. ಮ್ಯಾಪಿಲ್ಲದೆ ಕೆಲಸ ನಡೆಯುತ್ತಿರಲಿಲ್ಲ. ಲಗ್ನಪತ್ರಿಕೆಗಳ ನಡುವೆ ಬಿಡುವಾದಾಗ ಅಣ್ಣ ಅದನ್ನು ಅಚ್ಚು ಹಾಕುತ್ತಿದ್ದರು. ಪ್ರತಿಗಳು ಮುಗಿದರೆ ಹೊಸದಾಗಿ ಬರೆಯುತ್ತಿರಲಿಲ್ಲ. ಮ್ಯಾಪಿನ ಗೆರೆ, ಅಕ್ಷರಗಳಿದ್ದ ಅದೇ ಫಿಲ್ಮನ್ನು ಅಲ್ಲಲ್ಲಿ ಕೆರೆದು, ಸೇರಿಸಿ, ಮತ್ತೆ ಹಾಕುತ್ತಿದ್ದರು. ಹಾಗಾಗಿ ಹೊಸ ರಸ್ತೆಯ ಪಕ್ಕದಲ್ಲೇ ಎಂದೋ ಮುಚ್ಚಿಹೋದ ಗಾಡಿದಾರಿಯೂ ಕಾಣುತ್ತಿತ್ತು. ನಿಮಗೂ ಹೇಳುತ್ತೇನೆ, ಜಮೀನು ಕೊಳ್ಳುವ ಮುಂಚೆ ಹಳೇ ಅಚ್ಚನ್ನೂ ಕೇಳಿ ನೋಡಿ.

ಮೊದಲ ಅಚ್ಚಿನಲ್ಲಿ ಹೊಂಗೆಕಟ್ಟೆ ಅಂತ ಪುಟ್ಟ ಊರಿತ್ತು. ಅಣ್ಣ ಹುಟ್ಟಿದ್ದು ಅಲ್ಲೇ. ಎರಡನೆಯದರ ಹೊತ್ತಿಗೆ ಊರು ಫ್ಯಾಕ್ಟರಿಗೆ ಹೋಗಿ, ಜನ ಪರಿಹಾರ ತಗೊಂಡು ಚದುರಿದ್ದರು. ಕೈಗಾರಿಕಾ ಪ್ರದೇಶಕ್ಕೆಲ್ಲ ಅಣ್ಣ ಗುಲಾಬಿ ಬಣ್ಣ ಕೊಟ್ಟರು. ಆದರೆ ಹೊಂಗೆಕಟ್ಟೆಯ ಹೆಸರಿನ ಅಡಿ ಮಾತ್ರ ಬಣ್ಣ ಬೀಳದಂತೆ ಬಿಳಿ ಬಿಟ್ಟು, ಹೆಸರನ್ನು ಉಳಿಸಿಕೊಂಡರು.

ಮೂರನೆಯದಕ್ಕೆ, ಮ್ಯಾಪನ್ನು ಹೆಚ್ಚಾಗಿ ಕೊಳ್ಳುತ್ತಿದ್ದ ಲೇಔಟಿನವರು ತಗಾದೆ ತೆಗೆದರು. ಊರಿನ ಹೆಸರು ಕಂಡರೆ ಗಿರಾಕಿಗಳು ತಕರಾರಿನ ಜಾಗ ಅಂತ ಹೆದರುತ್ತಾರೆ; ತೆಗೆದರೆ ಮಾತ್ರ ಮ್ಯಾಪು ಕೊಳ್ಳುತ್ತೇವೆ ಅಂದರು.

"ಇಲ್ದೇ ಇರೋ ಊರಿಗೆ ಹೆಸ್ರು ಯಾಕಣ್ಣ? ತೆಗೆದ್ಬುಡಿ, ಪ್ರೆಸ್ಸಾದ್ರೂ ಉಳ್ಕೊಳ್ಲಿ," ಅಂದೆ.

"ನಿಮ್ಮಪ್ಪ ಹೋದ್ಮೇಲೆ ಅವರ ಹೆಸ್ರು ತೆಗೆದ್ಬುಟ್ಯೇನ್ಲಾ? ಇನಿಷಿಯಲ್ ಇಟ್ಕೊಂಡೇ ತಿರುಗ್ತೀಯಲ್ಲ!"

ಹಾಗಂದವರೇ ಕೊನೆಗೆ ಫಿಲ್ಮಿನ ಮೇಲೆ ಬ್ಲೇಡಾಡಿಸಿದರು, ಒಂದೊಂದೇ ಅಕ್ಷರ... ನಾನು ಟೀ ತರಿಸಿದೆ. ಆರಿಹೋಯಿತು.

ಅಚ್ಚಾಗಿ ಬಂದದ್ದು ನೋಡಿದರೆ ಗುಲಾಬಿಯ ನಡುವೆ ಖಾಲಿ ಬಿಳಿ ಪಟ್ಟಿ.

"ಅಣ್ಣ, ಬಣ್ಣ ತುಂಬೋದು ಮರೆತ್ರಾ?"

"ಮರ್ತಿಲ್ಲ ಕಣ್ಲಾ. ಹೆಸ್ರು ತೆಗೀರಿ ಅಂದ್ರು, ತೆಗ್ದೆ. ಜಾಗ ಐತೆ, ಇರ್ಲಿ ಬುಡು."

ನಾಲ್ಕನೆಯ ಅಚ್ಚು ಬರಲಿಲ್ಲ. ಅಣ್ಣ ತೀರಿಕೊಂಡರು, ಪ್ರೆಸ್ಸಿದ್ದಲ್ಲಿ ಮೊಬೈಲ್ ಅಂಗಡಿಯಾಗಿದೆ. ಈಗ ಎಲ್ಲರ ಫೋನಿನಲ್ಲೂ ಮ್ಯಾಪಿದೆ, ಹಳೇ ಅಚ್ಚು ಕೊಡಿ ಅಂತ ಯಾರನ್ನು ಕೇಳೋದು? ನನಗೂ ಸಾಕಾಗಿದೆ, ಓಡಾಟ, ಚೌಕಾಸಿ ಎಲ್ಲ...

ಮೊನ್ನೆ ಸುರುಳಿ ಬಿಚ್ಚಿದಾಗ ಸೊಸೆ ಮೂರನೆಯ ಅಚ್ಚಿನ ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟಳು. "ಮಾವ, ಇಲ್ಲಿ ಪ್ರಿಂಟೇ ಬಿದ್ದಿಲ್ವಲ್ಲ?"

"ಬಿದ್ದಿತ್ತು ಕಣಮ್ಮ," ಅಂದೆ. "ಹೊಂಗೆಕಟ್ಟೆ ಅಂತ."

ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ. ಹೌದು ಅನ್ನೋಕೆ ಅಣ್ಣನೂ ಇಲ್ಲ.