ಗಣಿತದ ಮುಂದಿನ ಅಲ್ಪವಿರಾಮ

ಕಮಲಾಪುರದ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಮನೆ ಕಲಬುರಗಿಯಲ್ಲಿ, ದಿನಾ ಬಸ್ಸಿನ ಓಡಾಟ. ಕಂಪ್ಯೂಟರ್ ಕಲಿಸುತ್ತಿದ್ದವರು ವರ್ಗವಾಗಿ ಹೋದಾಗ ಆ ಕೋಣೆಯ ಕೀಲಿಕೈ ನನ್ನ ಮೇಜಿಗೆ ಬಂತು. ನನಗೆ ಟೈಪಿಂಗ್ ಬರುತ್ತದೆ ಎಂಬುದೊಂದೇ ಕಾರಣ. ನಲವತ್ತಾರನೆಯ ವಯಸ್ಸಿನಲ್ಲಿ, ಪ್ರತಿ ಭಾನುವಾರ ಬೆಳಗ್ಗೆ, ನಗರದ ಒಂದು ತರಬೇತಿ ಕೇಂದ್ರಕ್ಕೆ ಹೋಗಿ ಪ್ರೋಗ್ರಾಂ ಬರೆಯುವುದನ್ನು ಕಲಿಯತೊಡಗಿದೆ. ಕಲಿಸುವಾಕೆ ನನ್ನ ಮಗಳಷ್ಟು ವಯಸ್ಸಿನವಳು.

ಕಿರುಪರೀಕ್ಷೆ ಮುಗಿದಾಗ ಪ್ರತಿ ಮನೆಗೂ ಒಂದು ಪತ್ರ ಹೋಗಬೇಕಿತ್ತು: ನಿಮ್ಮ ಮಗು ಯಾವ ವಿಷಯಗಳಲ್ಲಿ ಹಿಂದಿದೆ ಎಂದು. ನಾನು ಪ್ರೋಗ್ರಾಂ ಬರೆದೆ. ಅದು ಪಟ್ಟಿಯಿಂದ ಒಂದೊಂದೇ ವಿಷಯ ತೆಗೆದು, ಪಕ್ಕದಲ್ಲಿ ಅಲ್ಪವಿರಾಮ ಮತ್ತು ಒಂದು ಖಾಲಿ ಜಾಗ ಇಟ್ಟು ಸಾಲು ಕಟ್ಟುತ್ತಿತ್ತು. ಕೊನೆಯ ವಿಷಯದ ಮುಂದೆಯೂ ಒಂದು ಅಲ್ಪವಿರಾಮ ಉಳಿಯುತ್ತಿತ್ತು. ನೋಡಿದ್ದೆ. ಇರಲಿ ಬಿಡು ಅಂದುಕೊಂಡೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ಅದೇ ತಪ್ಪಿಗೆ ಕೆಂಪು ಗೆರೆ ಎಳೆಯುವವಳು ನಾನು.

ಶುಕ್ರವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಬಂದರು. ಬಾಳೆ ತೋಟದಲ್ಲಿ ಕೆಲಸ ಮಾಡುವವರು. ಮಗಳ ಪಕ್ಕ ಕೂತು ಇತ್ತೀಚೆಗಷ್ಟೇ ಓದು ಕಲಿತಿದ್ದರು. ಪತ್ರವನ್ನು ಮೇಜಿನ ಮೇಲೆ ಹರವಿ ಬೆರಳಿಟ್ಟರು.

“ಟೀಚರ್ ರೀ, ಗಣಿತ ಅಂತ ಬರ್ದೀರಿ. ಮುಂದ ಈ ಗೀಟು ಹಾಕಿ ಸುಮ್ಮನಾಗೀರಿ. ಬಿಟ್ಟಿದ್ದು ಯಾವ ವಿಷಯ?”

“ಏನೂ ಬಿಟ್ಟಿಲ್ಲ ರೀ. ಗಣಿತ ಒಂದೇ.”

“ಒಂದೇ ಇದ್ರ ಗೀಟು ಯಾಕ? ಇದು ಬಂತಂದ್ರ ಮುಂದ ಇನ್ನೊಂದು ಅದ ಅಂತ ನನ್ನ ಮಗಳೇ ಹೇಳಿಕೊಟ್ಟಾಳ. ನಾ ಶಾಲಿ ಬಿಡಿಸ್ತೀನಿ ಅಂತ ಅಂಜಿ ಮುಚ್ಚಿಟ್ಟೀರೇನು?”

“ಕಂಪ್ಯೂಟರಿನ ತಪ್ಪು ರೀ ಅದು.”

“ಕಂಪ್ಯೂಟರಿಗಿ ಹಂಗ ಬರಿ ಅಂತ ಹೇಳಿದವರು ಯಾರು?”

ಮುಖ ಬಿಸಿಯಾಯಿತು. “ನಾನೇ ರೀ,” ಅಂದೆ. “ಸೋಮವಾರ ಸರಿ ಮಾಡಿ ಕೊಡ್ತೀನಿ.”

ಅಂದು ಸಂಜೆ ನನ್ನ ಮಾಮೂಲಿ ಬಸ್ಸು ಬಿಟ್ಟು ಕಂಪ್ಯೂಟರಿನ ಮುಂದೆ ಕೂತೆ. ಸಾಲಿನ ಕೊನೆಯ ಅಕ್ಷರ ಅಳಿಸು ಎಂದೆ. ಅಲ್ಪವಿರಾಮದ ಮುಂದಿದ್ದ ಖಾಲಿ ಜಾಗ ಹೋಯಿತು, ಅಲ್ಪವಿರಾಮ ಹಾಗೇ ಉಳಿಯಿತು. ಎರಡು ಅಳಿಸು ಎಂದೆ, ಅದು ಸರಿಯಾಯಿತು. ಆದರೆ ಯಾವ ವಿಷಯದಲ್ಲೂ ಹಿಂದಿರದ ಮಕ್ಕಳ ಪತ್ರದಲ್ಲಿ ಅಳಿಸಲು ಅಲ್ಪವಿರಾಮವೇ ಇರಲಿಲ್ಲ, ಹಾಗಾಗಿ ಹಿಂದಿನ ವಾಕ್ಯದ ಬಾಲವೇ ಕತ್ತರಿಸಿಹೋಯಿತು.

ಭಾನುವಾರ ತರಬೇತಿ ಕೇಂದ್ರದ ಶಿಕ್ಷಕಿಗೆ ತೋರಿಸಿದೆ. ಅವಳು ನಗಲಿಲ್ಲ.

“ಹಚ್ಚಿ ಆಮ್ಯಾಲ ಕೀಳೋದು ಯಾಕ್ರಿ ಮೇಡಂ? ಎರಡು ವಿಷಯದ ನಡುವ ಅಷ್ಟೇ ಇಡ್ರಿ. ಅದಕ್ಕ ಜಾಯಿನ್ ಅಂತ ಒಂದು ಕಮಾಂಡ್ ಅದ, ಒಂದೇ ಸಾಲು.”

“ಮೊದಲು ನಾನೇ ಬರೆದು ನೋಡ್ತೀನಿ,” ಅಂದೆ. ಮೊದಲನೆಯ ವಿಷಯವನ್ನು ಹಾಗೇ ಇಟ್ಟು, ಉಳಿದ ಪ್ರತಿ ವಿಷಯದ ಹಿಂದೆ ಅಲ್ಪವಿರಾಮ ಇಡಲು ಹನ್ನೊಂದು ಸಾಲು ಹಿಡಿಯಿತು. ಅದು ನಡೆದ ಮೇಲೆಯೇ ಜಾಯಿನ್ ಮುಟ್ಟಿದೆ. ಪಟ್ಟಿ ಖಾಲಿ ಇದ್ದವರಿಗೆ ‘ಎಲ್ಲ ವಿಷಯಗಳಲ್ಲೂ ಚೆನ್ನಾಗಿದೆ’ ಎಂಬ ಬೇರೆ ವಾಕ್ಯ ಬರೆದೆ. ಒಂದು ವಿಷಯ, ಎರಡು, ಆರು, ಒಂದೂ ಇಲ್ಲದ್ದು, ಎಲ್ಲವನ್ನೂ ಓಡಿಸಿ ನೋಡಿದೆ.

ಸೋಮವಾರ ಎಲ್ಲ ಪತ್ರಗಳನ್ನೂ ಮತ್ತೆ ಮುದ್ರಿಸಿದೆ. “ಒಂದು ಗೀಟಿಗಿ ಇಷ್ಟು ಕಾಗದ ಏನ್ರೀ?” ಎಂದರು ಮುಖ್ಯ ಶಿಕ್ಷಕರು.

“ಓದೋರು ಅದಾರ ಸರ್,” ಅಂದೆ.

ಆ ತಾಯಿ ಹೊಸ ಪತ್ರವನ್ನು ಬೆರಳಿಟ್ಟು ಪೂರ್ತಿ ಓದಿದರು. ‘ಗಣಿತ’ದ ಮುಂದೆ ಚುಕ್ಕೆ ಇತ್ತು. ಅಲ್ಲಿ ಬೆರಳು ನಿಂತಿತು.

“ಒಂದೇ ಅಂದ್ರ ಆಗ್ತದ ಬಿಡ್ರಿ. ಮನ್ಯಾಗ ಗಣಿತ ಹೇಳೋರು ಯಾರೂ ಇಲ್ಲ. ಇಲ್ಲಿ ಯಾರು ಹೇಳ್ತಾರ, ಅದನ್ನ ಹೇಳ್ರಿ.”

ನನ್ನ ಪತ್ರದಲ್ಲಿ ಅದು ಇರಲೇ ಇಲ್ಲ. ಅವರನ್ನು ಗಣಿತದ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋದೆ. ವಾರಕ್ಕೆರಡು ದಿನ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಎಂದು ನಿಕ್ಕಿಯಾಯಿತು. ಹುಡುಗಿಯ ಜೊತೆ ಇನ್ನೂ ನಾಲ್ವರು ಕೂತರು. ವರ್ಷದ ಕೊನೆಗೆ ಅವಳು ಗಣಿತ ದಾಟಿದಳು. ಅಂಕ ಬಹಳವೇನಲ್ಲ, ಸಾಕಷ್ಟು.