ಕೇದಾರದ ದಾರಿಗೆ ಬಿಸಿ ಗಾಳಿ

ಲಕ್ಷ್ಮೇಶ್ವರದಲ್ಲಿ ಶಿರಹಟ್ಟಿ ರಸ್ತೆಗೆ ಹತ್ತಿದ ಬೇವಿನ ಮರದ ಕೆಳಗೆ ಮೌಲಾಸಾಬನ ಗ್ಯಾರೇಜಿತ್ತು. ಗದಗಿನ ಉಸ್ತಾದನೊಬ್ಬನ ಕೈಕೆಳಗೆ ಕೆಲಸ ಕಲಿತವನು ಅವನು. ಉಸ್ತಾದ ಹೇಳಿಕೊಟ್ಟ ಮೊದಲ ಪಾಠವನ್ನು ಎಂದೂ ತಪ್ಪಿಸಿರಲಿಲ್ಲ. ಹೊಸದಾಗಿ ಯಾವ ಕಾರು ಬಂದರೂ ಅದರ ಥರ್ಮೋಸ್ಟ್ಯಾಟ್ ಕಿತ್ತುಬಿಡುವುದು. ಎಂಜಿನ್ನಿನ ನೀರು ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಕೊಂಡಿದ್ದು, ಕಾದ ಮೇಲೆ ತೆರೆಯುವ ಹಿತ್ತಾಳೆಯ ಪುಟ್ಟ ಬಾಗಿಲು ಅದು.

“ನಮ್ಮ ಬಿಸಲಾಗ ನೀರು ಕಾಯಾಕ ಬಾಗಲಾ ಯಾಕ ಹಾಕಬೇಕು?” ಎನ್ನುತ್ತಿದ್ದ. ಗದಗಿನಿಂದ ಮುಂಡರಗಿಯವರೆಗೆ ಮೇಸ್ತ್ರಿಗಳೆಲ್ಲ ಹಾಗೇ ಮಾಡುತ್ತಿದ್ದರು. ಎಂಜಿನ್ ಕುದಿಯುವುದು ತಪ್ಪಿತೆಂದು ಮಾಲಕರಿಗೂ ಸಮಾಧಾನ.

ಎಂಬತ್ತೆರಡರ ಚಳಿಗಾಲದಲ್ಲಿ ಕಾಳುಕಡಿ ವ್ಯಾಪಾರಿ ನಿಜಲಿಂಗಪ್ಪ ತನ್ನ ಅಂಬಾಸಿಡರ್ ತಂದು ನಿಲ್ಲಿಸಿದ. ದಿಲ್ಲಿ ಕಡೆಯಿಂದ ಬಂದ ಹಳೆಯ ಕಾರು; ಕೊಂಡ ಹೊಸತರಲ್ಲಿ ಒಮ್ಮೆ ಮೌಲಾಸಾಬನ ಕೈ ದಾಟಿಯೇ ಹೋಗಿತ್ತು. ಎಂಜಿನ್ನಿನ ಬಿಸಿನೀರಿನಿಂದ ಒಳಗಿನ ಗಾಳಿ ಕಾಯಿಸುವ ಹೀಟರ್ ಅದಕ್ಕಿತ್ತು. ಈ ಊರಿನಲ್ಲಿ ಅದನ್ನು ಹಚ್ಚಿ ನೋಡುವ ಪ್ರಸಂಗ ಬಂದಿರಲಿಲ್ಲ. ವೈಶಾಖದಲ್ಲಿ ಕೇದಾರಕ್ಕೆ ಹೋಗುವುದೆಂದು ಗೊತ್ತಾದ ಮೇಲೆ ಹಚ್ಚಿದರೆ ತಣ್ಣನೆಯ ಗಾಳಿ ಬಂತು.

“ಅವ್ವಗ ಉಬ್ಬಸ ಐತಿ. ಥಂಡಿ ಹತ್ತಿಸಬ್ಯಾಡ್ರಿ ಅಂದಾರ ಡಾಕ್ಟರು. ಬಿಸಿ ಗಾಳಿ ಬಂದ್ರ ಕರಕೊಂಡು ಹೋಗ್ತೀನಿ, ಇಲ್ಲಂದ್ರ ಇಲ್ಲ” ಎಂದ.

ಹಿಂದಿನ ಸೀಟಿನಲ್ಲಿದ್ದ ತಾಯಿ ನೀಲಗಂಗವ್ವ ತಲೆ ಹೊರಹಾಕಿದಳು. “ಮೌಲಾ, ನನ್ನ ಕೇದಾರ ನಿನ್ನ ಕೈಯಾಗೈತಿ ನೋಡಪಾ.”

“ದೇವರ ಕೈಯಾಗೈತ್ರಿ ಅವ್ವಾರ. ನನ್ನ ಕೈಯಾಗ ಪಾನಾ ಐತಿ, ಅಷ್ಟ” ಎಂದು ಮೌಲಾಸಾಬ ಕೈಯಲ್ಲಿದ್ದ ಸ್ಪ್ಯಾನರ್ ಎತ್ತಿ ತೋರಿಸಿದ.

ಫ್ಯಾನು ತಿರುಗುತ್ತಿತ್ತು. ಹೀಟರಿಗೆ ನೀರು ಬಿಡುವ ತೋಟಿಯೂ ತೆರೆದಿತ್ತು. ಒಳಗೆ ಕಸ ಕಟ್ಟಿರಬಹುದೆಂದು ಕೊಳವೆ ಬಿಚ್ಚಿ ನೀರು ಹಾಯಿಸಿದ. ತುಕ್ಕಿನ ಕೆಂಪು ನೀರು ಹೋಗಿ ತಿಳಿನೀರು ಬಂತು. ಗಾಳಿ ಸಿಕ್ಕಿರಬಹುದೆಂದು ರೇಡಿಯೇಟರಿನ ಮುಚ್ಚಳ ತೆಗೆದು ಗುಳ್ಳೆ ನಿಲ್ಲುವ ತನಕ ಎಂಜಿನ್ ಓಡಿಸಿದ. ಹೀಟರಿನ ಗಾಳಿ ಮಾತ್ರ ಬಿಸಿಯಾಗಲಿಲ್ಲ.

ಮರುದಿನ ನಸುಕಿನ ನಮಾಜು ಮುಗಿಸಿ, ಆ ಚಳಿಯಲ್ಲೇ ಶಿರಹಟ್ಟಿಯವರೆಗೆ ಓಡಿಸಿಕೊಂಡು ಬಂದ. ಹೀಟರಿನ ಎರಡೂ ಕೊಳವೆ ಮುಟ್ಟಿದ. ಒಂದು ಸುಟ್ಟು ಇನ್ನೊಂದು ತಣ್ಣಗಿದ್ದಿದ್ದರೆ ನಡುವೆ ಕಟ್ಟಿಕೊಂಡಿದೆ ಎನ್ನಬಹುದಿತ್ತು. ಎರಡೂ ಉಗುರುಬೆಚ್ಚಗೆ. ಉಷ್ಣ ತೋರಿಸುವ ಮುಳ್ಳು ಮೇಲೆದ್ದೇ ಇರಲಿಲ್ಲ. ಹೀಟರಿಗೆ ಏನೂ ಆಗಿಲ್ಲ, ಅದಕ್ಕೆ ಬಿಸಿ ನೀರೇ ಸಿಗುತ್ತಿಲ್ಲ ಎಂದು ತಿಳಿಯಿತು. ತಡೆಯುವ ಬಾಗಿಲಿಲ್ಲದೆ ನೀರು ಕಾಯುವ ಮೊದಲೇ ರೇಡಿಯೇಟರಿಗೆ ಹೋಗಿ ಆರುತ್ತಿತ್ತು; ಆ ಬಾಗಿಲು ಕಿತ್ತವನು ತಾನೇ ಎಂಬುದೂ ನೆನಪಾಯಿತು.

ಮನೆಗೆ ಹೋಗಿ, ವರ್ಷಗಳಿಂದ ಕಿತ್ತ ಥರ್ಮೋಸ್ಟ್ಯಾಟುಗಳ ಡಬ್ಬಿಯನ್ನು ಒಲೆಯ ಮೇಲಿನ ಪಾತ್ರೆಗೆ ಸುರುವಿದ. ಹೆಂಡತಿ ಜನ್ನತಬಿ ಹಣೆ ಬಡಿದುಕೊಂಡಳು.

“ಅಲ್ಲಾ, ಅದು ಚಾದ ಪಾತೇಲಿರಿ! ಏನ್ ಬೇಯಿಸಾಕ ಹತ್ತೀರಿ? ಉಪ್ಪು ಹಾಕ್ಲೇನು?”

“ಸುಮ್ಮನಿರ ಮಾರಾಯ್ತಿ. ಬಾಯಿ ತಗೀತಾವಿಲ್ಲೋ ನೋಡಾಕತ್ತೀನಿ.”

“ನನ್ನ ಬಾಯಿ ಸಾಲ್ಲಿಲ್ಲೇನು ನಿಮಗ?”

ನೀರು ಕುದಿಯತೊಡಗಿತು. ತುಕ್ಕು ಹಿಡಿದವು ಬಿಗಿದೇ ಉಳಿದವು. ಅಂಬಾಸಿಡರಿನದೊಂದು ಮಾತ್ರ ನಿಧಾನವಾಗಿ ಬಾಯ್ದೆರೆಯಿತು. ಹೊರತೆಗೆದು ಆರಿಸಿದರೆ ಮತ್ತೆ ಮುಚ್ಚಿಕೊಂಡಿತು. ಅದನ್ನೇ ಕೂರಿಸಿದ.

ಮಾರನೆಯ ನಸುಕಿನಲ್ಲಿ ನೀಲಗಂಗವ್ವ ವಿಭೂತಿ ಹಚ್ಚಿಕೊಂಡು, ಕೌದಿ ಹೊದ್ದು ಮುಂದಿನ ಸೀಟಿನಲ್ಲಿ ಕುಳಿತಳು. ನಿಜಲಿಂಗಪ್ಪ ಓಡಿಸಿದ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಳ್ಳು ಏರಿತು. ಆಕೆ ಕೌದಿ ಸರಿಸಿ ಕಾಲು ಚಾಚಿದಳು.

“ಒಲಿ ಮುಂದ ಕುಂತಂಗಾತು.”

“ಕೆಡಿಸಿದಾವ ನಾನ ರೀ ಅವ್ವಾರ” ಎಂದ ಹಿಂದೆ ಕುಳಿತಿದ್ದ ಮೌಲಾಸಾಬ. “ಆ ಸಾಮಾನು ನಾನ ಕಿತ್ತಿದ್ದೆ.”

“ಅಂವಗೇನಂತೀ? ಜಲ್ದಿ ಕಿತ್ತು ಒಗಿ ಅಂತ ನಾನ ನಿಂತು ಕೀಳಿಸಿದ್ದೆ” ಎಂದ ನಿಜಲಿಂಗಪ್ಪ.

“ಹಂಗಾರ ಇಬ್ರೂ ಕೂಡೇ ನನ್ನ ಕೇದಾರ ತಪ್ಪಸಾಕ ನಿಂತಿದ್ರಿ ಅನ್ರಿ” ಎಂದಳು ನೀಲಗಂಗವ್ವ.

ವೈಶಾಖದಲ್ಲಿ ಆಕೆ ಹೋಗಿ ಬಂದಳು. ಮೌಲಾಸಾಬ ಕೀಳುವುದನ್ನು ಬಿಡಲಿಲ್ಲ, ಬಿಸಿಲು ಬಿಸಿಲೇ. ಆದರೆ ಹೊಸ ಕಾರಿನ ಬಾನೆಟ್ ಎತ್ತಿ ಪಾನಾ ಹಿಡಿದವನು ಒಂದು ಗಳಿಗೆ ತಡೆದು ಮಾಲಕನನ್ನು ಕೇಳುತ್ತಿದ್ದ:

“ನಿಮ್ಮ ಮನ್ಯಾಗ ಕೇದಾರಕ್ಕ ಹೋಗೋರು ಯಾರರೆ ಅದಾರೇನ್ರಿ?”